ಹಿಮ್ಮಡಿಯ ಹನಿ

ಶಿಡ್ಲಘಟ್ಟ ಅಂದರೆ ಜನಕ್ಕೆ ನೆನಪಾಗುವುದು ಗೂಡಿನ ಮಾರುಕಟ್ಟೆ. ಬೆಳಗ್ಗೆಯೇ ಬಂದಿಳಿಯುವ ಗೂಡಿನ ಚೀಲಗಳು, ಹರಾಜಿನ ಕಾವು, ಒಂದು ಹಿಡಿ ಗೂಡು ಕೈಗೆತ್ತಿಕೊಂಡು ಒತ್ತಿ ನೋಡಿ ನೂಲಿನ ಲೆಕ್ಕ ಹಾಕುವ ರೀಲರುಗಳು. ಆದರೆ ಬೆಳೆಯ ಹಣೆಬರಹ ಅದಕ್ಕೂ ಎಷ್ಟೋ ಮೊದಲೇ, ಬಿತ್ತನೆ ಕೋಠಿಯಲ್ಲಿ ಬರೆದಾಗಿರುತ್ತದೆ. ಅಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಗಂಟು ರೋಗದ ಕಣ ಕಂಡರೆ ಆ ಮೊಟ್ಟೆ ರೈತನ ಮನೆಗೆ ಹೋಗುವುದಿಲ್ಲ. ಈ ಉಪಾಯ ಹೇಳಿಕೊಟ್ಟವನು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದ ಅವನು ಐದು ವರ್ಷ ಹುಳುಗಳ ಜೊತೆ ಒದ್ದಾಡಿ ಕಂಡುಕೊಂಡದ್ದು ಇಷ್ಟೇ: ಕಾಯಿಲೆ ಕಣ್ಣಿಗೆ ಬೀಳುವವರೆಗೆ ಕಾಯಬೇಡ, ಮೊದಲೇ ಒಂದು ತೊಟ್ಟು ನೋಡು.

ಗಂಟು ರೋಗ ಸೂಕ್ಷ್ಮಜೀವಿಯಿಂದ ಬರುವುದು, ನಾನೀಗ ಹೇಳಹೊರಟ ಕಾಯಿಲೆಗಳು ಅಪ್ಪ ಅಮ್ಮನ ವಂಶವಾಹಿಯಿಂದ ಬರುವವು. ಎರಡೂ ಒಂದೇ ಅಲ್ಲ. ಆದರೆ ಒಂದು ತೊಟ್ಟು ನೋಡುವ ಬುದ್ಧಿ ಎರಡಕ್ಕೂ ಒಂದೇ. ಹುಳುವಿನ ವಿಷಯದಲ್ಲಿ ನಮ್ಮ ಸೀಮೆ ಅದನ್ನು ತಲೆಮಾರುಗಳಿಂದ ಪಾಲಿಸುತ್ತ ಬಂದಿದೆ. ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಬೇರೆಯಾಗುತ್ತದೆ.

ಕಿಣ್ವ ಎಂಬ ರೀಲರು

ನಾವು ತಿಂದ ಮುದ್ದೆ, ಸಾರು, ಹಾಲು ಎಲ್ಲವೂ ಹೊಟ್ಟೆಯಲ್ಲಿ ಒಡೆದು ಸಣ್ಣ ಸಣ್ಣ ವಸ್ತುಗಳಾಗಿ ರಕ್ತ ಸೇರುತ್ತವೆ. ಅವನ್ನು ಒಂದರಿಂದ ಇನ್ನೊಂದಾಗಿ ಮಾರ್ಪಡಿಸುವ ಕೆಲಸಗಾರರೇ ಕಿಣ್ವಗಳು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲು ಬಿಚ್ಚುವವನು ರಜೆ ಹಾಕಿದ ಅಂದುಕೊಳ್ಳಿ. ಗೂಡು ರಾಶಿ ಬೀಳುತ್ತದೆ, ಹತ್ತು ದಿನ ಹಾಗೇ ಬಿಟ್ಟರೆ ಚಿಟ್ಟೆ ಗೂಡು ಕೊರೆದು ಹೊರಗೆ ಬಂದು ಇಡೀ ಸರಕು ಹಾಳು. ಅತ್ತ ನೇಯುವವನ ಮಗ್ಗಕ್ಕೆ ನೂಲೇ ಇಲ್ಲ. ಹುಟ್ಟಿನಿಂದಲೇ ಒಂದು ಕಿಣ್ವ ಕೆಲಸ ಮಾಡದ ಮಗುವಿನ ಮೈಯಲ್ಲೂ ಆಗುವುದು ಇವೇ ಎರಡು: ಒಂದು ಕಡೆ ರಾಶಿ ಬಿದ್ದದ್ದು ವಿಷವಾಗುತ್ತದೆ, ಇನ್ನೊಂದು ಕಡೆ ಬೇಕಾದ್ದು ತಯಾರಾಗುವುದಿಲ್ಲ.

ಇಂಥ ಕಾಯಿಲೆಗಳಿಗೆ ‘ಹುಟ್ಟಿನಿಂದ ಬಂದ ಚಯಾಪಚಯ ದೋಷ’ ಎಂಬ ಅರ್ಥದ ಹೆಸರಿಟ್ಟವನು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. 1902ರಲ್ಲಿ ಅವನು ಬರೆದದ್ದು ಮೂತ್ರ ಗಾಳಿಗೆ ಕಪ್ಪಾಗುವ ಆಲ್ಕಾಪ್ಟನೂರಿಯ ಎಂಬ ಕಾಯಿಲೆಯ ಬಗ್ಗೆ. ಅವನ ಕಣ್ಣಿಗೆ ಬಿದ್ದ ಸಂಗತಿ ಮತ್ತೊಂದಿತ್ತು. ಇಂಥ ಮಕ್ಕಳ ತಂದೆತಾಯಿಗಳಲ್ಲಿ ಎಷ್ಟೋ ಜನ ಸೋದರಸಂಬಂಧಿಗಳು. ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಮಕ್ಕಳು.

ಇಲ್ಲಿಗೆ ಬಂದಾಗ ನಮ್ಮ ಸೀಮೆಯ ಓದುಗರು ಕುರ್ಚಿಯಲ್ಲಿ ಸ್ವಲ್ಪ ಅಲುಗಾಡುತ್ತಾರೆ ಅಂತ ನನಗೆ ಗೊತ್ತು.

ಮೇನರಿಕಂ

ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರೆಯಾಯಿತು, ಆದರೆ ಮಾತು, ಊಟ, ಸಂಬಂಧಗಳಲ್ಲಿ ಬೇರೆಯಾಗಲಿಲ್ಲ. ಕನ್ನಡ ತೆಲುಗು ಎರಡೂ ಒಂದೇ ಜಗಲಿಯ ಮೇಲೆ ಕೂರುವ ನಾಡು ಇದು. ಹಾಗಾಗಿ ಅತ್ತೆಯ ಮಗಳನ್ನೋ ಮಾವನ ಮಗನನ್ನೋ ತರುವ ಮದುವೆಗೆ ಇಲ್ಲಿ ಎರಡು ಹೆಸರು. ಕೆಲವರು ಸೋದರಸಂಬಂಧ ಅನ್ನುತ್ತಾರೆ, ಕೆಲವರು ಮೇನರಿಕಂ ಅನ್ನುತ್ತಾರೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದಂತೂ ಹಕ್ಕಿನ ಮಾತು. ಹೊಲ ಒಡೆಯುವುದಿಲ್ಲ, ಸೊಸೆ ಹೊರಗಿನವಳಾಗುವುದಿಲ್ಲ, ಅಕ್ಕನ ಋಣ ತೀರುತ್ತದೆ.

ಇದು ಬರೀ ಹಳ್ಳಿಯ ಮಾತೂ ಅಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರನ್ನು ಕೇಳಿ ಬರೆದುಕೊಂಡಾಗ, ಹೆಚ್ಚುಕಡಿಮೆ ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದ್ದೇ ಆಗಿತ್ತು. ಹಿಂದೂ ಕುಟುಂಬಗಳಲ್ಲಿ ಸೋದರಮಾವನ ಜೊತೆಗಿನ ಮದುವೆಯೇ ಅದರ ದೊಡ್ಡ ಪಾಲು.

ಲೆಕ್ಕ ಹೀಗೆ. ಪ್ರತಿಯೊಬ್ಬರ ಮೈಯಲ್ಲೂ ಕೆಟ್ಟುಹೋದ ಕೆಲವು ವಂಶವಾಹಿಗಳು ಇರುತ್ತವೆ, ನನ್ನಲ್ಲೂ ನಿಮ್ಮಲ್ಲೂ. ಅದರ ಜೋಡಿ ಸರಿಯಾಗಿದ್ದರೆ ಕೆಟ್ಟದ್ದು ಬಾಯಿ ಬಿಡುವುದಿಲ್ಲ. ಇಂಥ ಬಹುಪಾಲು ಕಾಯಿಲೆಗಳಲ್ಲಿ, ಗಂಡ ಹೆಂಡತಿ ಇಬ್ಬರಲ್ಲೂ ಅದೇ ಒಂದು ಕೆಟ್ಟಿದ್ದರೆ ಮಾತ್ರ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಎರಡೂ ಕೆಟ್ಟವೇ ಬರುವ ಸಾಧ್ಯತೆ. ಪ್ರತಿ ಬಸಿರಿನಲ್ಲೂ ಅನ್ನುವುದನ್ನು ಗಮನಿಸಿ. ‘ಮೊದಲನೆಯದಕ್ಕೆ ಹೀಗಾಯಿತು, ಇನ್ನು ಮೂರು ಮಕ್ಕಳಿಗೆ ಏನೂ ಆಗುವುದಿಲ್ಲ’ ಎಂದು ಲೆಕ್ಕ ಹಾಕುವವರಿದ್ದಾರೆ. ನಾಣ್ಯಕ್ಕೆ ಹಿಂದಿನ ಸಲದ ನೆನಪಿರುವುದಿಲ್ಲ. ಒಂದೇ ಮನೆತನದ ಇಬ್ಬರಲ್ಲಿ ಒಂದೇ ಅಜ್ಜಿಯ ಅದೇ ಕೆಟ್ಟ ವಂಶವಾಹಿ ಬಂದಿರುವ ಸಂಭವ ಹೆಚ್ಚು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಅದು ಇನ್ನೂ ಹೆಚ್ಚು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೇನರಿಕದಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಗುಂಡುಕಲ್ಲಿನ ಹಾಗೆ ಚೆನ್ನಾಗಿಯೇ ಇರುತ್ತಾರೆ. ಸಂಬಂಧವೇ ಇಲ್ಲದ ದಂಪತಿಗಳಿಗೂ ಈ ಕಾಯಿಲೆಯ ಮಕ್ಕಳು ಹುಟ್ಟುತ್ತಾರೆ. ಹಾಗಾಗಿ ಕಾಯಿಲೆ ಬಂದ ಮನೆಗೆ ಹೋಗಿ ‘ಅದಕ್ಕೇ ಹೇಳಿದ್ದು, ಒಳಗೇ ಕೊಡಬೇಡಿ ಅಂತ’ ಎಂದು ಬುದ್ಧಿ ಹೇಳುವ ಡಾಕ್ಟರೂ ಒಂದೇ, ‘ಸೊಸೆಯ ಕಾಲ್ಗುಣ’ ಅನ್ನುವ ನೆಂಟರೂ ಒಂದೇ. ಸೊಸೆಯ ಪಾಲು ಅರ್ಧ, ಮಗನ ಪಾಲು ಅರ್ಧ. ಅದರಲ್ಲಿ ರಿಯಾಯಿತಿ ಇಲ್ಲ.

ಮೂರನೆಯ ದಿನ

ಚಿಂತಾಮಣಿಯ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗು ಹುಟ್ಟಿದಾಗ ಚೆನ್ನಾಗಿಯೇ ಇತ್ತು, ತೂಕವೂ ಸರಿ, ಅಳುವೂ ಜೋರು. ಹೊಟ್ಟೆಯಲ್ಲಿದ್ದಷ್ಟು ದಿನ ಅದರ ಮೈಯ ಕಸವನ್ನು ತಾಯಿಯ ಮೈ ಗುಡಿಸುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಅದು ತನ್ನ ಕಾಲ ಮೇಲೆ ನಿಲ್ಲಬೇಕು. ಎರಡು ದಿನ ಹಾಲು ಕುಡಿಯಿತು. ಮೂರನೆಯ ದಿನ ಮೊಲೆ ಹಿಡಿಯಲೊಲ್ಲದು. ಎಬ್ಬಿಸಿದರೂ ಏಳದು. ನಾಲ್ಕನೆಯ ದಿನ ಮೈ ಸೆಟೆಯಿತು.

“ಮಗ ಮಂಕಾಗೈತೆ ಕಣಮ್ಮ, ಯಾರದೋ ದೃಷ್ಟಿ ಬಿದ್ದೈತೆ” ಅನ್ನುತ್ತಾರೆ ಅಜ್ಜಿ. ಬಾಲಗ್ರಹ ಅನ್ನುತ್ತಾರೆ ಪಕ್ಕದ ಮನೆಯವರು. ಆಸ್ಪತ್ರೆಗೆ ಓಡಿದರೆ ಅಲ್ಲಿಯ ಡಾಕ್ಟರಿಗೆ ಮೊದಲು ಹೊಳೆಯುವುದು ನಂಜು, ಅಂದರೆ ರಕ್ತಕ್ಕೆ ಸೋಂಕು. ಅದು ತಪ್ಪೂ ಅಲ್ಲ. ಎಳೆಗೂಸಿನಲ್ಲಿ ಸೋಂಕು, ಕಿಣ್ವದ ಕೊರತೆ ಎರಡರ ಮುಖವೂ ಒಂದೇ. ಸೋಂಕಿನ ಔಷಧಿ ಶುರುವಾಗುತ್ತದೆ. ಇಂಥ ಕೆಲವು ಕೊರತೆಗಳಲ್ಲಿ ಏರುವ ಅಮೋನಿಯ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಯೋಚನೆ ಬಂದರೂ, ಆ ಮಾದರಿಯನ್ನು ಮಂಜಿನಲ್ಲಿಟ್ಟು ಕೂಡಲೇ ಪರೀಕ್ಷಿಸಬೇಕು, ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಸುಳ್ಳು ಲೆಕ್ಕ ಬರುತ್ತದೆ. ಮಗು ಹೋಗುತ್ತದೆ. ಕಾಗದದಲ್ಲಿ ಕಾರಣ ಸೋಂಕು ಎಂದಿರುತ್ತದೆ.

ನಮ್ಮ ಕಡೆ ಇಂಥ ಮನೆಗಳಿಗೆ ‘ಮಕ್ಕಳು ನಿಲ್ಲದ ಮನೆ’ ಎಂದು ಹೆಸರು. ಎರಡು ಮೂರು ಹೋಗಿ ಕೊನೆಗೊಂದು ನಿಂತರೆ ಅದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ ಅನ್ನುತ್ತಿದ್ದರು, ತೆಲುಗಿನವರು ಪೆಂಟಯ್ಯ ಅನ್ನುತ್ತಿದ್ದರು. ಸಾವಿಗೆ ಬೇಡವಾದ ಮಗು ಎಂಬ ಉಪಾಯ. ಹಳೆಯ ಮತದಾರರ ಪಟ್ಟಿ ತಿರುವಿದಾಗ ಈ ಹೆಸರುಗಳು ಕಂಡರೆ ನನಗೆ ಆ ಹೆಸರಿನ ಹಿಂದಿನ, ಹೆಸರೇ ಇಡದ ಅಣ್ಣ ಅಕ್ಕಂದಿರ ನೆನಪು ಬರುತ್ತದೆ. ಆ ಸಾವುಗಳಲ್ಲಿ ಹೆಚ್ಚಿನವು ಭೇದಿಯಿಂದ, ನಂಜಿನಿಂದ ಆದವು, ನಿಜ. ಕೆಲವಾದರೂ ಕಿಣ್ವದ ಕೊರತೆಯಿಂದ ಆಗಿದ್ದಿರಬೇಕು. ಪವಾಡಗಳನ್ನು ಪರೀಕ್ಷೆಗೆ ಒಡ್ಡಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅಂಥವರ ಊರಿನ ಸುತ್ತಲೂ ದೃಷ್ಟಿಗೆ ಮೆಣಸಿನಕಾಯಿ ಇಳಿಸುವುದು ನಿಂತಿಲ್ಲ. ಇಳಿಸಲಿ ಬಿಡಿ, ಅದರಿಂದ ಕೆಡುವುದೇನಿಲ್ಲ, ಆಟೋ ಹಿಡಿಯುವುದು ತಡವಾಗದಿದ್ದರೆ ಸಾಕು.

ಮೂಗಿಗೂ ಇಲ್ಲಿ ಕೆಲಸವಿದೆ. ಒಂದು ಜಾತಿಯ ಕೊರತೆಯಲ್ಲಿ ಮಗುವಿನ ಮೂತ್ರಕ್ಕೆ, ಕಿವಿಯ ಗುಗ್ಗೆಗೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. 1954ರಲ್ಲಿ ಇದನ್ನು ಮೊದಲು ಬರೆದ ಅಮೆರಿಕದ ವೈದ್ಯರಿಗೆ ಅವರ ಊರಿನ ಮೇಪಲ್ ಮರದ ಪಾಕ ನೆನಪಾಗಿ, ಕಾಯಿಲೆಗೂ ಅದೇ ಹೆಸರು ಅಂಟಿತು. ಮೇಪಲ್ ಮರ ನೋಡದ ನಮ್ಮ ತಾಯಂದಿರು ಏನು ಮಾಡಬೇಕು? ವಿಚಿತ್ರ ನೋಡಿ, ಆ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ವಸ್ತು ಮೆಂತ್ಯದಲ್ಲೂ ಇದೆ. ಬಾಣಂತಿಗೆ ಮೆಂತ್ಯದ ಹಿಟ್ಟು, ಮೆಂತ್ಯದ ಉಂಡೆ ತಿನ್ನಿಸುವ ಮನೆಗಳಲ್ಲಿ ಮಗುವಿನ ಬಟ್ಟೆಗೂ ಆ ವಾಸನೆ ಬರಬಹುದು. ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ಸೇವಿಸಿದ್ದರಿಂದ ಆರೋಗ್ಯವಾದ ಮಗುವಿಗೇ ಈ ಕಾಯಿಲೆ ಇದೆಯೆಂದು ವೈದ್ಯರು ಗಾಬರಿಬಿದ್ದ ಪ್ರಸಂಗಗಳು ಹೊರದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿವೆ. ನಮ್ಮಲ್ಲಿ ಆಗಬಹುದಾದದ್ದು ಅದರ ತಿರುವುಮುರುವು: ನಿಜವಾದ ಕಾಯಿಲೆಯ ವಾಸನೆಯನ್ನು ‘ಮೆಂತ್ಯದ್ದೇ ಬಿಡು’ ಎಂದು ತಳ್ಳಿಹಾಕುವುದು. ಬಾಣಂತಿ ಮೆಂತ್ಯ ತಿಂದಿದ್ದಾಳೆ, ಮಗು ಹಾಲೂ ಬಿಟ್ಟಿದೆ ಅಂದರೆ ಎರಡನ್ನೂ ಡಾಕ್ಟರಿಗೆ ಹೇಳಬೇಕು.

ಬೆಂಗಳೂರು ಮಾಡಿ ಬಿಟ್ಟ ಕೆಲಸ

ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರಿ ಎಂಬ ವಿಜ್ಞಾನಿಯ ಹೆಂಡತಿಯ ಸೋದರಿಯ ಮಗುವಿಗೆ ಫೀನೈಲ್‌ಕೀಟೋನೂರಿಯ ಇತ್ತು. ಫೀನೈಲ್ಅಲನೈನ್ ಎಂಬ ಅಮೈನೊ ಆಮ್ಲವನ್ನು ಮಾರ್ಪಡಿಸಲಾಗದೆ ಮಿದುಳು ಮಂಕಾಗುವ ಈ ಕಾಯಿಲೆಯನ್ನು 1934ರಲ್ಲಿ ನಾರ್ವೆಯ ಆಸ್ಬಿಯಾರ್ನ್ ಫೋಲಿಂಗ್ ಗುರುತಿಸಿದ್ದ. ಇಬ್ಬರು ಮಕ್ಕಳ ತಾಯಿಯೊಬ್ಬಳು ವರ್ಷಗಟ್ಟಲೆ ಡಾಕ್ಟರಿಂದ ಡಾಕ್ಟರಿಗೆ ಅಲೆದು, ಬಿಡದೆ ಕೇಳಿದ್ದರಿಂದ. 1950ರ ದಶಕದ ಹೊತ್ತಿಗೆ ಪಥ್ಯವೂ ಗೊತ್ತಾಗಿತ್ತು. ಆದರೆ ಕಾಯಿಲೆ ಗೊತ್ತಾಗುವ ಹೊತ್ತಿಗೆ ಮಿದುಳು ಕೆಟ್ಟಿರುತ್ತಿತ್ತು. ಗಥ್ರಿ 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಉಪಾಯ ಎಷ್ಟು ಸರಳ ಅಂದರೆ ನಗು ಬರಬೇಕು. ಹುಟ್ಟಿದ ಎರಡು ಮೂರು ದಿನಕ್ಕೆ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಕೆಲವು ಹನಿ ರಕ್ತವನ್ನು ದಪ್ಪ ಸೋಸುಕಾಗದಕ್ಕೆ ಮುಟ್ಟಿಸಿ, ಒಣಗಿಸಿ, ಅಂಚೆಗೆ ಹಾಕುವುದು. ಮಂಜು ಬೇಡ, ಸೀಸೆ ಬೇಡ. ಕಾಯಿಲೆಯ ಮಗು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ಅದರ ರಕ್ತದ ಚುಕ್ಕೆ ಹೋದರೆ ಸಾಕು.

ಈ ಚುಕ್ಕೆ ಭಾರತದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಬಿದ್ದದ್ದು ನಮ್ಮ ಪಕ್ಕದಲ್ಲೇ, ಬೆಂಗಳೂರಿನಲ್ಲಿ, 1980ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾ ದೇವಿ, ಎಚ್.ಎಸ್. ಸಾವಿತ್ರಿ ಅವರ ತಂಡ, ಬ್ರಿಟನ್ನಿನ ಎ.ಎಚ್. ಬಿಟಲ್ಸ್ ಅವರ ಜೊತೆಗೂಡಿ, ಆ ದಶಕದಲ್ಲಿ ಲಕ್ಷದ ಆಸುಪಾಸು ನವಜಾತ ಶಿಶುಗಳ ರಕ್ತವನ್ನು ಅಮೈನೊ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿತು. ತಂದೆತಾಯಿಗಳ ಸಂಬಂಧವನ್ನೂ ಬರೆದುಕೊಂಡಿತು. ಮೇಲೆ ಹೇಳಿದ ಮೂರರಲ್ಲೊಂದು ಎಂಬ ಲೆಕ್ಕ ಅಲ್ಲಿಂದಲೇ ಬಂದದ್ದು. ಈ ಕಾಯಿಲೆಗಳು ಬಿಳಿಯರ ಮಕ್ಕಳಿಗೆ ಮಾತ್ರ ಎಂಬ ಹಳೆಯ ಭ್ರಮೆ ಕರ್ನಾಟಕದ ಆ ಕೆಲಸದಿಂದ ಕಳಚಿತು.

ಆಮೇಲೆ? ಸಂಶೋಧನೆ ಮುಗಿಯಿತು, ಪ್ರಬಂಧಗಳು ಅಚ್ಚಾದವು. ಅದು ಪ್ರತಿ ಹೆರಿಗೆ ವಾರ್ಡಿನ ದಿನನಿತ್ಯದ ಕೆಲಸವಾಗಿ ಬೆಳೆಯಬೇಕಿತ್ತು. ಬೆಳೆಯಲಿಲ್ಲ. ದೇಶದಲ್ಲಿ ಎಲ್ಲ ಮಕ್ಕಳಿಗೂ ಕಡ್ಡಾಯ ಎಂಬ ನಿಯಮ ಇನ್ನೂ ಬಂದಿಲ್ಲ. ಪಕ್ಕದ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ಕಾಯಿಲೆಗಳಿಗೆ ಈ ಪರೀಕ್ಷೆ ಇದೆ. ಅದರಲ್ಲಿ ಎರಡು, ಗ್ಯಾಲಕ್ಟೋಸೀಮಿಯ ಮತ್ತು ಜಿ6ಪಿಡಿ ಕೊರತೆ. ನಮ್ಮಲ್ಲಿ ಹಣವಿದ್ದವರು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡರೆ ಬಿಲ್ಲಿನಲ್ಲಿ ಒಂದು ಸಾಲಾಗಿ ಇದೂ ಬರುತ್ತದೆ. ಮೊದಲು ಮಾಡಿದವರು ನಾವು ಎಂದು ಹೆಮ್ಮೆಪಡುವುದೋ, ಮಾಡಿ ಬಿಟ್ಟವರೂ ನಾವೇ ಎಂದು ತಲೆ ತಗ್ಗಿಸುವುದೋ ನನಗೆ ತಿಳಿಯದು.

ಕೇರಳದ ಪಟ್ಟಿಯ ಆ ಎರಡು ಕಾಯಿಲೆಗಳ ಬಗ್ಗೆ ಚೂರು ಹೇಳಬೇಕು. ಗ್ಯಾಲಕ್ಟೋಸೀಮಿಯ ಇದ್ದ ಮಗುವಿಗೆ ಹಾಲಿನ ಸಕ್ಕರೆಯೇ ವಿಷ; ತಾಯಿಯ ಹಾಲೂ ಹಾಲೇ. ಕಾಮಾಲೆ ಏರುತ್ತದೆ, ಪಿತ್ತಜನಕಾಂಗ ಕೆಡುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಎದೆಹಾಲು ಅಮೃತ ಎಂದು ಊರೆಲ್ಲ ಗೋಡೆಗೆ ಬರೆದಿರುವ ನಾಡಿನಲ್ಲಿ, ‘ನಿನ್ನ ಹಾಲು ನಿಲ್ಲಿಸಮ್ಮ’ ಎಂದು ಬಾಣಂತಿಗೆ ಹೇಳುವ ನರ್ಸಮ್ಮನ ಕಷ್ಟ ಯೋಚಿಸಿ. ಹೇಳಿದ ದಿನದಿಂದ ಸೋಯಾ ಹಾಲಿನ ಪುಡಿ ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಇನ್ನು ಜಿ6ಪಿಡಿ ಕೊರತೆಯವರಿಗೆ ಕೆಲವು ಔಷಧಿ, ಕೆಲವು ವಸ್ತು ತಗುಲಿದರೆ ರಕ್ತದ ಕೆಂಪುಕಣ ಒಡೆಯುತ್ತದೆ. ಮೆಡಿಟರೇನಿಯನ್ ದೇಶಗಳಲ್ಲಿ ಇದಕ್ಕೆ ಒಂದು ಬಗೆಯ ಅವರೆಯ ಹೆಸರೇ ಅಂಟಿದೆ. ನಮ್ಮ ಸೊಗಡಿನ ಅವರೆ ಬೇರೆ ಕುಲದ್ದು, ಡಿಸೆಂಬರಿನ ಹಿತಕವರೆ ಸಾರಿಗೆ ಧಕ್ಕೆ ಇಲ್ಲ. ಎಚ್ಚರ ಬೇಕಾದದ್ದು ಟ್ರಂಕಿನಲ್ಲಿ. ಮೊದಲ ಮೊಮ್ಮಗನಿಗೆಂದು ತೆಗೆದಿಟ್ಟ ಬಟ್ಟೆಯ ನಡುವಿನ ನುಸಿಗುಳಿಗೆ ಈ ಕೊರತೆಯ ಕೂಸಿಗೆ ಕಾಮಾಲೆ ತರಬಲ್ಲದು. ಬಟ್ಟೆ ಒಗೆದು ಬಿಸಿಲಿಗೆ ಹಾಕಿಯೇ ತೊಡಿಸಿ.

ಸಾಬಕ್ಕಿ, ಆಲೂಗಡ್ಡೆ, ಒಂದು ಮಾತ್ರೆ

ಕಾಯಿಲೆ ಸಿಕ್ಕಿತು ಅನ್ನಿ. ಮುಂದೆ?

ಕೆಲವಕ್ಕೆ ಔಷಧಿ ಎಷ್ಟು ಅಗ್ಗ ಅಂದರೆ ಅದನ್ನು ಹೇಳುವಾಗ ಸಿಟ್ಟು ಬರುತ್ತದೆ. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಯನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಬ್ಯಾರಿ ವುಲ್ಫ್ ಗುರುತಿಸಿದರು. ನಿಮ್ಹಾನ್ಸ್‌ನ ವೈದ್ಯರೂ ಇಂಥ ಮಕ್ಕಳ ಬಗ್ಗೆ ಬರೆದಿದ್ದಾರೆ. ಮಗುವಿಗೆ ಫಿಟ್ಸ್ ಬರುತ್ತದೆ, ತಲೆಗೂದಲು ಉದುರುತ್ತದೆ, ಮೈಮೇಲೆ ಕಜ್ಜಿಯಂಥ ಗಾದರಿ, ಆಮೇಲೆ ಕಿವಿ ಹೋಗುತ್ತದೆ, ಕಣ್ಣು ಮಸುಕಾಗುತ್ತದೆ. ಚಿಕಿತ್ಸೆ ಬಯೋಟಿನ್ ಎಂಬ ವಿಟಮಿನ್, ದಿನಕ್ಕೆ 5ರಿಂದ 10 ಮಿಲಿಗ್ರಾಂ, ಜೀವಮಾನವಿಡೀ. ಕೂದಲು ಉದುರುತ್ತದೆ ಎಂದು ಪೇಟೆಯ ಹೆಂಗಸರು ಗಂಡಸರು ನುಂಗುವ ಅದೇ ಮಾತ್ರೆ. ಮೊದಲೇ ಶುರುಮಾಡಿದರೆ ಮಗುವಿಗೆ ಏನೂ ಆಗುವುದಿಲ್ಲ. ತಡವಾದರೆ ಫಿಟ್ಸ್ ನಿಲ್ಲುತ್ತದೆ, ಕೂದಲು ಬರುತ್ತದೆ, ಹೋದ ಕಿವಿ ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ.

ಇನ್ನು ಕೆಲವಕ್ಕೆ ಊಟವೇ ಔಷಧಿ. ಫೀನೈಲ್‌ಕೀಟೋನೂರಿಯ, ಸುಟ್ಟ ಸಕ್ಕರೆ ವಾಸನೆಯ ಕಾಯಿಲೆ, ಅಮೋನಿಯ ಏರುವ ಕಾಯಿಲೆಗಳಲ್ಲಿ ಪ್ರೋಟೀನನ್ನು ತೂಗಿ ತೂಗಿ ಕೊಡಬೇಕು. ಮಕ್ಕಳಿಗೆ ಬೇಳೆ ಹಾಲು ಮೊಟ್ಟೆ ಹೆಚ್ಚು ಕೊಡಿ ಎಂದು ಅಂಗನವಾಡಿ ಹೇಳುತ್ತದೆ. ಈ ಮನೆಗೆ ಅದೇ ಮಾತು ತಿರುಗಾಮುರುಗಾ. ತೊಗರಿಬೇಳೆಯ ನೂರು ಗ್ರಾಮಿನಲ್ಲಿ ಇಪ್ಪತ್ತಕ್ಕೂ ಮೇಲೆ ಪ್ರೋಟೀನು, ಅವರೆಕಾಳೂ ಅಷ್ಟೇ. ರಾಗಿಯಲ್ಲಿ ಏಳರ ಆಸುಪಾಸು. ಹಾಗಾಗಿ ಮುದ್ದೆ ಒಂದು ನಿಂಬೆಹಣ್ಣಿನಷ್ಟಾಗುತ್ತದೆ, ಕಾಳುಸಾರು ಮನೆಯವರ ತಟ್ಟೆಗಷ್ಟೇ. ಈ ಮಗುವಿನ ಗೆಳೆಯ ಸಾಬಕ್ಕಿ, ಅದು ಹೆಚ್ಚುಕಡಿಮೆ ಬರೀ ಪಿಷ್ಟ. ಎಣ್ಣೆ, ತುಪ್ಪ, ಬೆಲ್ಲ ಇವಕ್ಕೆ ತಡೆಯಿಲ್ಲ. ನಮ್ಮ ಜಿಲ್ಲೆಯ ದ್ರಾಕ್ಷಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಆಲೂಗಡ್ಡೆಯಲ್ಲಿ ನೂರಕ್ಕೆ ಎರಡು ಗ್ರಾಂ, ಅದೂ ಲೆಕ್ಕಕ್ಕೆ ಸೇರುತ್ತದೆ. ಇಷ್ಟರಿಂದಲೇ ಮಗು ಬೆಳೆಯುವುದಿಲ್ಲ. ಮೈಗೆ ಆಗದ ಅಮೈನೊ ಆಮ್ಲಗಳನ್ನು ಬಿಟ್ಟು ಉಳಿದವು ಇರುವ ವಿಶೇಷ ಪುಡಿ ಬೇಕು. ಬೆಲೆಯ ತೊಡಕು ಇರುವುದು ಆ ಪುಡಿಯಲ್ಲಿ.

ಪಥ್ಯದ ಮನೆಯ ಅಡುಗೆಮನೆಯಲ್ಲಿ ತಕ್ಕಡಿ ಇರುತ್ತದೆ, ಗೋಡೆಯ ಮೇಲೆ ಒಂದು ಪಟ್ಟಿ ಇರುತ್ತದೆ. ಜಾತ್ರೆಗೆ ಬಂದ ಅತ್ತೆಯೊಬ್ಬರು ‘ಒಂದು ತುತ್ತಿಗೇನಾಯ್ತು’ ಎಂದು ಒಬ್ಬಟ್ಟು ಬಾಯಿಗಿಡುವುದೇ ಇವರಿಗೆ ದೊಡ್ಡ ಭಯ. ಅದಕ್ಕಿಂತ ದೊಡ್ಡದು ಜ್ವರ. ಜ್ವರ ಬಂದು, ವಾಂತಿಯಾಗಿ, ಮಗು ಉಪವಾಸ ಬಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ, ಒಳಗಿನಿಂದಲೇ ಪ್ರೋಟೀನು ನುಗ್ಗುತ್ತದೆ. ಆಗ ಸಕ್ಕರೆ ನೀರು, ಬೇಕಾದರೆ ಗ್ಲೂಕೋಸ್ ಡ್ರಿಪ್, ತಡಮಾಡದೆ. ಇಂಥ ಮಕ್ಕಳ ತಾಯಂದಿರಿಗೆ ಬೆಂಗಳೂರಿನ ಡಾಕ್ಟರುಗಳು ಒಂದು ಚೀಟಿ ಬರೆದುಕೊಡುತ್ತಾರೆ: ಈ ಮಗುವಿಗೆ ಇಂಥ ಕಾಯಿಲೆ, ಬಂದ ಕೂಡಲೇ ಇದನ್ನು ಕೊಡಿ ಎಂದು. ರಾತ್ರಿ ಎರಡಕ್ಕೆ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರು ಆ ಚೀಟಿಯನ್ನು ಮಡಿಸಿ ಪಕ್ಕಕ್ಕಿಡದೆ ಓದಿದರೆ ಒಂದು ಮಿದುಳು ಉಳಿಯುತ್ತದೆ.

ರೇಷ್ಮೆಯವರಿಗೆ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಜಪಾನಿನಲ್ಲಿ ‘ಲೆಮನ್’ ಎಂಬ ಹಳದಿ ಮೈಯ ರೇಷ್ಮೆಹುಳು ತಳಿಯಿದೆ. ಅದರ ಇನ್ನೊಂದು ಬಗೆಯಲ್ಲಿ ಹುಳುವಿನ ದವಡೆ ಗಟ್ಟಿಯಾಗುವುದೇ ಇಲ್ಲ. ಮೊದಲ ಜ್ವರ, ಅಂದರೆ ಮೊದಲ ಸಲ ಪೊರೆ ಕಳಚುವುದು, ಮುಗಿದ ಮೇಲೆ ಹಿಪ್ಪುನೇರಳೆ ಸೊಪ್ಪು ಕಡಿಯಲಾರದೆ ಸಾಯುತ್ತದೆ. 2009ರಲ್ಲಿ ಅಲ್ಲಿನ ವಿಜ್ಞಾನಿಗಳು ಕಾರಣ ಬಿಡಿಸಿದರು. ಸೆಪಿಯಾಪ್ಟೆರಿನ್ ರಿಡಕ್ಟೇಸ್ ಎಂಬ ಕಿಣ್ವದ ವಂಶವಾಹಿ ಕೆಟ್ಟಿತ್ತು. ಮನುಷ್ಯರ ಮಕ್ಕಳಲ್ಲೂ ಇದೇ ಕಿಣ್ವದ ಕೊರತೆಯಿಂದ ಕೈಕಾಲು ಸ್ವಾಧೀನ ತಪ್ಪುವ ಅಪರೂಪದ ಕಾಯಿಲೆ ಇದೆ. ಕೊರತೆಯಾದ ವಸ್ತುವನ್ನು ತಿನ್ನಿಸಿದಾಗ ಸಾಯುವ ಹುಳುಗಳಲ್ಲಿ ಹಲವು ಬದುಕಿದವು. ಹುಳುವಿಗೂ ಮಗುವಿಗೂ ಒಂದೇ ಚಿಕಿತ್ಸೆಯ ದಾರಿ.

ಕೋಟಿಯ ಲೆಕ್ಕ

ಪತ್ರಿಕೆಯ ಮುಖಪುಟಕ್ಕೆ ಬರುವುದು ಈ ಅಗ್ಗದ ಕಾಯಿಲೆಗಳಲ್ಲ. ಬರುವುದು ಗೋಶೆ, ಪಾಂಪೆ, ಹರ್ಲರ್ ಮುಂತಾದವು. ಇವುಗಳಲ್ಲಿ ಜೀವಕೋಶದೊಳಗಿನ ಕಸ ಒಡೆಯುವ ಕಿಣ್ವವಿಲ್ಲ. ಗೋಶೆಯಲ್ಲಿ ಗುಲ್ಮ ಊದಿ ಹೊಟ್ಟೆ ಗಡಿಗೆಯಾಗುತ್ತದೆ, ಮೂಳೆ ನೋಯುತ್ತದೆ. ಅಮೆರಿಕದ ರಾಸ್ಕೋ ಬ್ರೇಡಿ ಗೋಶೆ ಕಾಯಿಲೆಯ ಮೂಲ ಹುಡುಕಿ, ಇಲ್ಲದ ಕಿಣ್ವವನ್ನೇ ರಕ್ತನಾಳಕ್ಕೆ ಹನಿಸುವ ದಾರಿ ಮಾಡಿದರು. 1991ರಲ್ಲಿ ಆ ಔಷಧಿಗೆ ಒಪ್ಪಿಗೆ ಸಿಕ್ಕಿತು. ಎರಡು ವಾರಕ್ಕೊಮ್ಮೆ ಡ್ರಿಪ್, ಪ್ರಮಾಣ ತೂಕಕ್ಕೆ ತಕ್ಕಂತೆ. ಅಂದರೆ ಮಗು ಚೇತರಿಸಿಕೊಂಡು ಮೈ ತುಂಬಿಕೊಂಡಷ್ಟೂ ಖರ್ಚು ಏರುತ್ತದೆ. ಇಂಥ ಕ್ರೂರ ತಮಾಷೆ ಬೇರೆ ಯಾವ ಚಿಕಿತ್ಸೆಯಲ್ಲಿದೆಯೋ ಕಾಣೆ.

2014ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು, ರಿಕ್ಷಾ ತುಳಿಯುವವನೊಬ್ಬನ ಮಗನಿಗೆ ಗೋಶೆ ಚಿಕಿತ್ಸೆ ಉಚಿತವಾಗಿ ಕೊಡಬೇಕೆಂದು ತೀರ್ಪಿತ್ತಿತು. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು. ಇದನ್ನು ಕೊಡಿಸುವ ಮೊದಲ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಬೆಂಗಳೂರಿನದು: ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರ ಹಾಗೂ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಎರಡೂ ಸೇರಿ. ಗೌರಿಬಿದನೂರಿನ ತಾಯಿಯಾದರೆ ಹಿಂದೂಪುರದ ಕಡೆಯಿಂದ ಬರುವ ರೈಲು, ಚಿಕ್ಕಬಳ್ಳಾಪುರದವಳಾದರೆ ಹೆದ್ದಾರಿಯ ಬಸ್ಸು, ಅಲ್ಲಿಂದ ನಗರ ದಾಟಿ ಇನ್ನೊಂದು ಬಸ್ಸು. ಜೀವಮಾನದ ಚಿಕಿತ್ಸೆಗೆ 50 ಲಕ್ಷ ಎಷ್ಟು ದಿನ ಎಂಬ ಪ್ರಶ್ನೆ ಇದ್ದೇ ಇದೆ.

ಬೆಲೆ ಇಳಿಯುವುದೇ ಇಲ್ಲ ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನ ಪಾರ್ಕುಗಳಲ್ಲಿ ಕೆಂಪು ಕುಂಚದಂತೆ ಹೂ ಬಿಡುವ ಬಾಟಲ್ ಬ್ರಷ್ ಗಿಡ ನೋಡಿದ್ದೀರಿ. 1977ರಲ್ಲಿ ಕ್ಯಾಲಿಫೋರ್ನಿಯದ ಒಬ್ಬ ರಸಾಯನಶಾಸ್ತ್ರಿ ಅದರ ಕೆಳಗೆ ಕಳೆ ಬೆಳೆಯದ್ದು ಗಮನಿಸಿದ. ಅಲ್ಲಿಂದ ಹೊರಟ ಕಳೆನಾಶಕದ ಸಂಶೋಧನೆಯಲ್ಲಿ ಸಿಕ್ಕಿದ ನಿಟಿಸಿನೋನ್ ಎಂಬ ವಸ್ತುವನ್ನು 1991ರಲ್ಲಿ ಸ್ವೀಡನ್ನಿನ ವೈದ್ಯರು ಟೈರೊಸಿನೀಮಿಯದ ಮಗುವಿಗೆ ಕೊಟ್ಟರು. ಪಿತ್ತಜನಕಾಂಗ ಕೆಟ್ಟು ಸಾಯುತ್ತಿದ್ದ ಮಕ್ಕಳು ಬದುಕತೊಡಗಿದರು. ಭಾರತಕ್ಕೆ ಆಮದಾಗುತ್ತಿದ್ದಾಗ ಇದರ ವರ್ಷದ ಖರ್ಚು ಸುಮಾರು 2.2 ಕೋಟಿ ರೂಪಾಯಿ. 2023ರ ನವೆಂಬರಿನಲ್ಲಿ ಇಲ್ಲಿನ ಕಂಪನಿಗಳೇ ತಯಾರಿಸಿದ ಮೇಲೆ ಸುಮಾರು 2.5 ಲಕ್ಷ ಎಂದು ಕೇಂದ್ರ ಸರ್ಕಾರ ಹೇಳಿತು.

ತವರುಮನೆಯ ವಿಳಾಸ

ಹಾಗಾದರೆ ಪ್ರತಿ ಮಗುವಿನ ಹಿಮ್ಮಡಿ ಚುಚ್ಚುವುದಕ್ಕೆ ಏನಡ್ಡಿ? ಹಣ ಒಂದು. ನನಗೆ ಅದಕ್ಕಿಂತ ಗಟ್ಟಿ ಅಡ್ಡಿಯಾಗಿ ಕಾಣುವುದು ತವರುಮನೆ. ಗೌರಿಬಿದನೂರಿನ ಸೊಸೆ ಹೆರಿಗೆಗೆ ಹೋಗುವುದು ಹಿಂದೂಪುರಕ್ಕೆ, ಅದು ಆಂಧ್ರ. ಆಸ್ಪತ್ರೆಯಲ್ಲಿ ಬರೆಸುವುದು ಅಣ್ಣನ ಫೋನ್ ನಂಬರು. ಹದಿನಾರನೆಯ ದಿನಕ್ಕೋ ಮೂರು ತಿಂಗಳಿಗೋ ಬಾಣಂತಿ ವಾಪಸು. ರಕ್ತದ ಚುಕ್ಕೆಯಲ್ಲಿ ದೋಷ ಸಿಕ್ಕಿದರೂ, ಸಿಕ್ಕಿದ ದಿನವೇ ಆ ಮಗುವನ್ನು ಹುಡುಕಿ ಹಿಡಿಯಬೇಕು. ವಾರ ಕಳೆದರೆ ವರದಿ ಮರಣಪತ್ರದ ಜೊತೆ ಲಗತ್ತಾಗುತ್ತದೆ.

ಇದಕ್ಕೂ ದಾರಿ ನಮ್ಮ ಬೀದಿಯಲ್ಲೇ ಓಡಾಡುತ್ತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂಬ ನಿಯಮ ಮೊದಲಿನಿಂದ ಇದೆ. ಆ ಮೂರನೆಯ ದಿನವೇ ಹಿಮ್ಮಡಿ ಚುಚ್ಚಲು ಹೇಳಿಮಾಡಿಸಿದ ದಿನ. ತಾಯಿ ಕಾರ್ಡಿನಲ್ಲಿ ತವರಿನ ವಿಳಾಸವೂ, ಗಂಡನ ಮನೆಯ ವಿಳಾಸವೂ, ಹಿಂದೆ ಹೋದ ಮಕ್ಕಳ ವಿವರವೂ ಒಂದು ಸಾಲಿನಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು. ನಮ್ಮ ಜಿಲ್ಲೆಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮುದ್ದೇನಹಳ್ಳಿಯಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜಿದೆ. ಒಂದು ಜಿಲ್ಲೆಯಲ್ಲಿ ಮೊದಲು ಮಾಡಿ ತೋರಿಸುವುದಕ್ಕೆ ಚಿಕ್ಕಬಳ್ಳಾಪುರಕ್ಕಿಂತ ತಕ್ಕ ಜಿಲ್ಲೆ ನನಗೆ ಹೊಳೆಯುವುದಿಲ್ಲ. ಕೋಟಿಯ ಡ್ರಿಪ್ಪಿಗೆ ಹೋರಾಡಬೇಡಿ ಎಂದಲ್ಲ. ಐದು ಮಿಲಿಗ್ರಾಂ ಬಯೋಟಿನ್ನಿಗೆ ತಪ್ಪಿಹೋದ ಮಗುವಿನ ಪರವಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಅದಕ್ಕೇ ಹೇಳಿದೆ.

ಮನೆಯಲ್ಲಿ ಕೂಸೊಂದು ಕಾರಣ ತಿಳಿಯದೆ ಹೋಗಿದ್ದರೆ ಅದರ ಕಾಗದಗಳನ್ನು ಸುಡಬೇಡಿ, ಮುಂದಿನ ಬಸಿರಿನ ಮೊದಲ ಭೇಟಿಯಲ್ಲೇ ಡಾಕ್ಟರ ಮುಂದಿಡಿ. ಹೆರಿಗೆಯಾದ ಆಸ್ಪತ್ರೆಯಲ್ಲಿ ‘ಹಿಮ್ಮಡಿ ರಕ್ತದ ಪರೀಕ್ಷೆ ಇದೆಯಾ’ ಎಂದು ಒಂದು ಸಲ ಕೇಳಿ. ಇಲ್ಲ ಅಂದರೆ, ಎಲ್ಲಿ ಮಾಡಿಸಬಹುದು ಎಂದು ಎರಡನೆಯ ಸಲ ಕೇಳಿ. ಸೋಸುಕಾಗದದ ಮೇಲಿನ ರಕ್ತ ನೆರಳಲ್ಲಿ ಒಣಗಲು ಮೂರು ನಾಲ್ಕು ಗಂಟೆ ಸಾಕು. ಆಮೇಲೆ ಅದು ಮಾಮೂಲಿ ಲಕೋಟೆಯಲ್ಲಿ, ಬೇರೆ ಪತ್ರಗಳ ಜೊತೆಗೇ, ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುತ್ತದೆ.